ಹಳಿ ಕಾಯುವವರ ಅಮಾನತ್



ರಾತ್ರಿ ರೈಲು ಹತ್ತಿದವನು ಏನು ಮಾಡುತ್ತಾನೆ? ಚಪ್ಪಲಿಯನ್ನು ಸೀಟಿನ ಕೆಳಗೆ ಸರಿಸುತ್ತಾನೆ, ಚೀಲವನ್ನು ತಲೆಯಡಿಗೆ ಇಟ್ಟುಕೊಳ್ಳುತ್ತಾನೆ, ಚಾದರ ಹೊದ್ದು ಮಲಗುತ್ತಾನೆ. ಇಂಜಿನ್ ಓಡಿಸುವವನು ಯಾರೆಂದು ಆತ ಕೇಳುವುದಿಲ್ಲ. ಮುಂದಿನ ಹಳಿ ಸರಿಯಿದೆಯೇ ಎಂದು ಇಳಿದು ನೋಡುವುದಿಲ್ಲ. ತನ್ನ ಜೀವವನ್ನೂ ಹೆಂಡತಿ ಮಕ್ಕಳ ಜೀವವನ್ನೂ ಮುಖ ಕಂಡಿರದ ಯಾರದೋ ಕೈಯಲ್ಲಿಟ್ಟು ನಿದ್ದೆ ಹೋಗುತ್ತಾನೆ. ಹೀಗೆ ಒಬ್ಬರು ನಂಬಿ ಒಪ್ಪಿಸಿದ್ದನ್ನು ಇನ್ನೊಬ್ಬರು ಕಾಪಾಡುವುದಕ್ಕೆ ನಮ್ಮ ದೀನಿನಲ್ಲಿ ಅಮಾನತ್ ಎಂದು ಹೆಸರು. ಅಮಾನತ್ ಎಂದೊಡನೆ ನಮಗೆ ನೆನಪಾಗುವುದು ಯಾರೋ ಇಡಲು ಕೊಟ್ಟ ಹಣ, ಒಡವೆ, ಹೊಲದ ಪತ್ರ. ಆದರೆ ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಪವಿತ್ರ ಕುರ್‌ಆನಿನ ಆದೇಶ ಪೆಟ್ಟಿಗೆಯಲ್ಲಿ ಇಡಬಹುದಾದ ವಸ್ತುಗಳಿಗೆ ಮಾತ್ರ ಸೀಮಿತವಲ್ಲ. ಇದನ್ನು ನಾನು ಮದ್ರಸದಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ನನಗೇ ಅದರ ಪಾಠವಾದದ್ದು ಒಬ್ಬ ಕೀಮನ್‌ನಿಂದ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ನಮ್ಮ ಸೀಮೆಯ ಹಳಿ

ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಬಂದ ರೈಲು ದಾರಿ ಚಳ್ಳಕೆರೆಯನ್ನು ಹಾದು, ಮೊಳಕಾಲ್ಮೂರು ತಾಲ್ಲೂಕಿನ ಬಯಲನ್ನು ದಾಟಿ, ಆಂಧ್ರದ ರಾಯದುರ್ಗದ ಮೂಲಕ ಬಳ್ಳಾರಿಗೆ ಹೋಗುತ್ತದೆ. ಶೇಂಗಾ ಹೊಲ, ಜಾಲಿ, ಕಲ್ಲುಗುಡ್ಡ, ಕುರಿಮಂದೆ, ಇವುಗಳ ನಡುವೆ ಒಂಟಿ ದಾರಿ. ರಾಜ್ಯದಲ್ಲೇ ಮಳೆ ತೀರ ಕಡಿಮೆ ಬೀಳುವ ಸೀಮೆ ಇದು. ಬೇಸಿಗೆಯ ನಡುಮಧ್ಯಾಹ್ನ ಕುರಿಗಾಹಿಯೂ ಕಂಬಳಿ ಮಡಚಿ ತಲೆಗೆ ಹಾಕಿಕೊಂಡು ಬೇವಿನ ನೆರಳು ಹುಡುಕುತ್ತಾನೆ. ಆ ಹೊತ್ತಿನಲ್ಲಿ ಹಳಿಯ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಡೆಯುವವರನ್ನು ನೀವು ನೋಡಿರಬಹುದು. ನಾವು ಅವರನ್ನು ಗ್ಯಾಂಗ್‌ಮನ್ ಎನ್ನುತ್ತೇವೆ. ಈಗ ಇಲಾಖೆಯ ಕಾಗದದಲ್ಲಿ ಅವರ ಹೆಸರು ಟ್ರ್ಯಾಕ್ ಮೆಂಟೇನರ್. ಹೆಂಗಸರೂ ಈ ಕೆಲಸದಲ್ಲಿದ್ದಾರೆ. ಹೆಸರು ಬದಲಾಯಿತು, ಬಿಸಿಲು ಬದಲಾಗಲಿಲ್ಲ.

ಚಳ್ಳಕೆರೆಗೂ ರೈಲಿಗೂ ಇನ್ನೊಂದು ನಂಟಿದೆ. 1991ರಿಂದ 1995ರವರೆಗೆ ಈ ದೇಶದ ರೈಲ್ವೆ ಸಚಿವರಾಗಿದ್ದ ಸಿ.ಕೆ. ಜಾಫರ್ ಷರೀಫ್ ಹುಟ್ಟಿದ್ದು 1933ರಲ್ಲಿ, ಇದೇ ಚಳ್ಳಕೆರೆಯಲ್ಲಿ. ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ದೊಡ್ಡ ಯೋಜನೆ ಅವರ ಕಾಲದಲ್ಲಿ, 1992ರಲ್ಲಿ ಆರಂಭವಾಯಿತು. ಎರಡು ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್ ಇದ್ದದ್ದು 1676 ಆಯಿತು. 2018ರಲ್ಲಿ ಅವರು ತೀರಿಕೊಂಡಾಗ ನಮ್ಮ ಊರಿನಲ್ಲಿ ಅವರನ್ನು ನೆನೆಯದವರಿಲ್ಲ. ನೆನೆಯಬೇಕಾದ್ದೇ. ಆದರೆ ಹಾಸಿದ ಹಳಿಯನ್ನು ದಿನವೂ ಕಾಯುವವನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆತ ನಮ್ಮ ಓಣಿಯವನೇ ಆಗಿದ್ದರೂ ಗೊತ್ತಿರುವುದಿಲ್ಲ.

ಮೇಜಿನ ಮೇಲಿನ ಕಬ್ಬಿಣ

2022ರಲ್ಲಿ ರಮಝಾನ್ ಹೆಚ್ಚುಕಡಿಮೆ ಏಪ್ರಿಲ್ ತಿಂಗಳಿಡೀ ಇತ್ತು. ಅದಕ್ಕೆ ಎರಡು ದಿನ ಮುಂಚೆ ಒಂದು ಸಂಜೆ, ಮಗ್ರಿಬ್ ಆದ ಮೇಲೆ, ಒಬ್ಬರು ಮದ್ರಸಕ್ಕೆ ಬಂದರು. ವಯಸ್ಸು ಐವತ್ತು ದಾಟಿದೆ. ರೈಲ್ವೆಯಲ್ಲಿ ಕೀಮನ್. ಮಸೀದಿಯಲ್ಲಿ ಅವರನ್ನು ಕಾಣುವುದು ಅಪರೂಪ. ಹಗಲಿನ ಜಮಾಅತ್‌ಗಂತೂ ಇಲ್ಲವೇ ಇಲ್ಲ. "ಸರ್ಕಾರಿ ನೌಕರಿ ಸಿಕ್ಕ ಮೇಲೆ ಅಲ್ಲಾಹನನ್ನೇ ಮರೆತ" ಎಂದು ಅವರ ಬೆನ್ನ ಹಿಂದೆ ಆಡಿಕೊಳ್ಳುವವರಿದ್ದರು. ಅಂಥ ಮಾತು ನನ್ನ ಕಿವಿಗೂ ಬಿದ್ದಿತ್ತು. ನಾನು ಅಡ್ಡ ಮಾತಾಡಿರಲಿಲ್ಲ. ಗೀಬತ್ ಕೇಳಿಸಿಕೊಂಡು ಸುಮ್ಮನಿರುವವನೂ ಅದರಲ್ಲಿ ಪಾಲುದಾರ ಎಂದು ಮಕ್ಕಳಿಗೆ ಕಲಿಸುವವನು ನಾನೇ.

"ಹಜ್ರತ್, ಒಂದು ಮಸ್‌ಅಲಾ ಕೇಳಬೇಕಿತ್ತು" ಎಂದರು.

"ಕೂತುಕೊಳ್ಳಿ ಚಾಚಾ, ಕೇಳಿ" ಎಂದೆ.

ಅವರು ಕೂತರು. ಕೇಳಲು ಬಾಯಿ ತೆರೆದವರು ನನ್ನ ಮೇಜಿನ ಮೇಲೆ ನೋಡಿ ಸುಮ್ಮನಾದರು. ಅಲ್ಲಿ ಹಾಜರಿ ಪುಸ್ತಕದ ಹಾಳೆ ಹಾರದಂತೆ ನಾನು ಒಂದು ಕಬ್ಬಿಣದ ತುಂಡು ಇಟ್ಟಿದ್ದೆ. ಬೆರಳು ದಪ್ಪದ ಸರಳನ್ನು ಬಗ್ಗಿಸಿ ಸುತ್ತಿದಂತಿತ್ತು, ತೂಕವಾಗಿತ್ತು. ಎರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ತಂದುಕೊಟ್ಟಿದ್ದ. ಕುರಿ ಮೇಯಿಸಲು ಹೋದಾಗ ಹಳಿಯ ಪಕ್ಕ ಸಿಕ್ಕಿತು ಎಂದಿದ್ದ. ಎಲ್ಲಿಯದು, ಯಾರದು ಎಂದು ನಾನು ವಿಚಾರಿಸಲಿಲ್ಲ. ಒಳ್ಳೆಯದಾಯಿತು, ಫ್ಯಾನಿನ ಗಾಳಿಗೆ ಹಾಳೆ ಹಾರುತ್ತಿತ್ತು ಎಂದುಕೊಂಡೆ.

ಚಾಚಾ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಇದು ಹಳಿ ಮಾಲು, ಹಜ್ರತ್" ಎಂದರು. ಗದರಿಕೆಯಿಂದಲ್ಲ. ತನ್ನದೇ ಮನೆಯ ಪಾತ್ರೆಯನ್ನು ಬೇರೆಯವರ ಮನೆಯಲ್ಲಿ ಕಂಡವರು ಹೇಳುವಂತೆ ಮೆಲ್ಲಗೆ ಹೇಳಿದರು.

ನಾನು ಅದರ ಕೆಲಸವೇನು ಎಂದು ಕೇಳಿದೆ. ಅವರು ಹೇಳಿದರು. ಹಳಿಯನ್ನು ಸಿಮೆಂಟಿನ ಸ್ಲೀಪರಿಗೆ ಒತ್ತಿ ಹಿಡಿಯುವ ಕ್ಲಿಪ್ಪು ಅದು. ಒಂದು ಸ್ಲೀಪರಿಗೆ ನಾಲ್ಕು, ಒಂದೊಂದು ಹಳಿಗೆ ಎರಡೆರಡು. ಒಂದು ಕಿಲೋಮೀಟರಿಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಸ್ಲೀಪರು, ಅಂದರೆ ಆರು ಸಾವಿರಕ್ಕೂ ಹೆಚ್ಚು ಕ್ಲಿಪ್ಪು. ಪ್ರತಿ ದಿನ ಕೀಮನ್ ತನ್ನ ಪಾಲಿನ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಬೇಕು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ. ಸಡಿಲವಾದ ಕ್ಲಿಪ್ಪನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು, ಬೋಲ್ಟನ್ನು ಸ್ಪ್ಯಾನರಿನಿಂದ ಬಿಗಿ ಮಾಡಬೇಕು. ಹಳಿಯಲ್ಲಿ ಕೂದಲೆಳೆಯ ಬಿರುಕಿದ್ದರೂ ಕಣ್ಣಿಗೆ ಬೀಳಬೇಕು.

"ಒಂದು ಕ್ಲಿಪ್ಪು ಇಲ್ಲದಿದ್ದರೆ ರೈಲು ಬಿದ್ದುಹೋಗುತ್ತದೆಯೇ ಚಾಚಾ?" ಎಂದೆ. ನನಗೆ ಬೇಕಾಗಿದ್ದದ್ದು ಸಮಾಧಾನ.

"ಒಂದಕ್ಕೆ ಬೀಳಲ್ಲ. ತಗೊಂಡು ಹೋಗೋನು ಪ್ರತಿಯೊಬ್ಬನೂ ಒಂದೇ ಅಂತಾನೇ ತಗೊಳ್ಳೋದು" ಎಂದರು.

ಓದುಗ ಬಂಧುಗಳೇ, ನನ್ನ ಬಾಯಿ ಕಟ್ಟಿತು. ಸಣ್ಣ ಪಾಪಗಳ ಬಗ್ಗೆ ಎಚ್ಚರ ಹೇಳುತ್ತ ಪ್ರವಾದಿವರ್ಯರು(ಸ) ಕೊಟ್ಟ ಉದಾಹರಣೆಯನ್ನು ಇಮಾಮ್ ಅಹ್ಮದ್ ವರದಿ ಮಾಡಿದ್ದಾರೆ. ಒಂದು ಕಣಿವೆಯಲ್ಲಿ ಇಳಿದ ಜನರು ತಲಾ ಒಂದೊಂದು ಕಡ್ಡಿ ತಂದು ಹಾಕಿದಾಗ ರೊಟ್ಟಿ ಬೇಯಿಸುವಷ್ಟು ಬೆಂಕಿಯಾಯಿತು ಎಂಬುದು ಅದರ ಸಾರಾಂಶ. ಅದನ್ನು ನಾನು ಎಷ್ಟು ಸಲ ಹೇಳಿಲ್ಲ! ನನ್ನ ಕಡ್ಡಿ ನನ್ನ ಮೇಜಿನ ಮೇಲೆಯೇ ಇತ್ತು. ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದೇ ಅಪರಾಧವೆಂದು 1966ರ ಕಾನೂನು ಹೇಳುತ್ತದೆಂದೂ ಆಮೇಲೆ ತಿಳಿಯಿತು. ಆದರೆ ಪೊಲೀಸರ ಭಯಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಹುಡುಗ. ಉಸ್ತಾದರೇ ಬಳಸುತ್ತಾರೆ ಎಂದ ಮೇಲೆ ಅದು ತಪ್ಪೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಮುಂದೆ ಅವನು ನಾಲ್ಕು ಹೆಕ್ಕಿ ಗುಜರಿಗೆ ಹಾಕಿದರೆ ಅದರ ಲೆಕ್ಕ ಯಾರ ಕರ್ಮಪತ್ರದಲ್ಲಿ?

ಕೀಮನ್ ಕೇಳಿದ ಪ್ರಶ್ನೆ

ಆಮೇಲೆ ಚಾಚಾ ತಮ್ಮ ಮಸ್‌ಅಲಾ ಕೇಳಿದರು. ಅದನ್ನು ಅವರ ಮಾತಿನಲ್ಲೇ ಹೇಳುತ್ತೇನೆ.

"ಮೂವತ್ತು ವರ್ಷದಿಂದ ರೋಝಾ ಬಿಟ್ಟವನಲ್ಲ ನಾನು. ಈ ಸಲ ಬಿಸಿಲು ಜಾಸ್ತಿ, ವಯಸ್ಸೂ ಆಯ್ತು. ಹಸಿವಿಗೆ, ಬಾಯಾರಿಕೆಗೆ ಹೆದರಲ್ಲ. ಆದರೆ ಮಧ್ಯಾಹ್ನ ಕಣ್ಣು ಮಂಜಾಗುತ್ತೆ. ಮಂಜಾದ ಕಣ್ಣಿಗೆ ಬಿರುಕು ಕಾಣದೆ ಹೋದರೆ? ನನ್ನ ರೋಝಾಕ್ಕೋಸ್ಕರ ರೈಲಲ್ಲಿರೋರಿಗೆ ಏನಾದರೂ ಆದರೆ, ಅಲ್ಲಾಹ್ ಕೇಳಲ್ವಾ?"

ಬೇಸಿಗೆಯಲ್ಲಿ ಹಳಿಗೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಹಿಂದೆ ಹಳಿಯ ತುಂಡುಗಳ ನಡುವೆ ಸಂದು ಬಿಡುತ್ತಿದ್ದರು. ಟಕ ಟಕ ಸದ್ದು ಬರುತ್ತಿದ್ದುದು ಅಲ್ಲಿಂದಲೇ. ಈಗ ಉದ್ದುದ್ದಕ್ಕೆ ಬೆಸೆದ ಹಳಿಗಳು ಬಂದಿವೆ. ಉಕ್ಕು ಕಾದರೆ ಹಿಗ್ಗುತ್ತದೆ. ಒಂದು ಕಿಲೋಮೀಟರ್ ಉದ್ದದ ಹಳಿಯನ್ನು ಬಿಡುಬೀಸಾಗಿ ಬಿಟ್ಟರೆ ಹತ್ತು ಡಿಗ್ರಿ ಶಾಖ ಏರಿದಾಗ ಅದು ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಬೆಳೆಯುತ್ತದೆ. ಗಾಳಿಯ ಶಾಖ 40 ಡಿಗ್ರಿ ಇದ್ದಾಗ ಬಿಸಿಲಿಗೆ ಬಿದ್ದ ಹಳಿ 60ರ ಸಮೀಪಕ್ಕೆ ಹೋಗುತ್ತದೆ. ಹಿಗ್ಗಲು ಜಾಗವಿಲ್ಲದ ಆ ಹಳಿಯನ್ನು ಕ್ಲಿಪ್ಪು ಸ್ಲೀಪರಿಗೆ ಕಟ್ಟುತ್ತದೆ, ಸ್ಲೀಪರನ್ನು ಜಲ್ಲಿ ಹಿಡಿಯುತ್ತದೆ. ಕ್ಲಿಪ್ಪು ಸಡಿಲವಾದರೆ, ಪಕ್ಕದ ಜಲ್ಲಿ ಜಾರಿದ್ದರೆ, ಒಳಗಿನ ಒತ್ತಡ ತಡೆಯಲಾರದೆ ಹಳಿ ಹಾವಿನಂತೆ ಹೊರಳುತ್ತದೆ. ಅದಕ್ಕೇ ಶಾಖ ಗೊತ್ತುಪಡಿಸಿದ ಮಟ್ಟ ದಾಟಿದಾಗ ವಿಶೇಷ ಗಸ್ತು ನಡೆಯುತ್ತದೆ. ನಾವು ಬಾಗಿಲು ಹಾಕಿಕೊಂಡು ಮಲಗುವ ಹೊತ್ತೇ ಅವರು ನಡೆಯಲೇಬೇಕಾದ ಹೊತ್ತು. ಚಳಿಗಾಲದ ನಸುಕಿನಲ್ಲಿ ಹಳಿ ಕುಗ್ಗಿ ಬಿರಿಯುವ ಅಪಾಯ, ಆಗ ಬೇರೆ ಗಸ್ತು. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗುವ ಕಡೆ ರಾತ್ರಿ ಲ್ಯಾಂಪು ಹಿಡಿದು ಇನ್ನೊಂದು.

ಬಿರುಕು ಕಂಡರೆ? ಇದನ್ನೂ ಚಾಚಾರಿಂದಲೇ ತಿಳಿದೆ. ಅಲ್ಲಿ ಕೆಂಪು ಬಾವುಟ ನೆಟ್ಟು, ರೈಲು ಬರಬಹುದಾದ ದಿಕ್ಕಿಗೆ ಓಡಬೇಕು. 600 ಮೀಟರಿಗೆ ಹಳಿಯ ಮೇಲೆ ಒಂದು ಡಿಟೋನೇಟರ್ ಕಟ್ಟಬೇಕು. ಇಂಜಿನ್ ಅದರ ಮೇಲೆ ಹಾಯ್ದರೆ ಪಟಾಕಿಯಂತೆ ಸಿಡಿದು ಡ್ರೈವರನಿಗೆ ಎಚ್ಚರ ಕೊಡುತ್ತದೆ. ಮತ್ತೆ ಓಡಿ 1200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಬಿಟ್ಟು ಮೂರು ಕಟ್ಟಬೇಕು. ಒಂಟಿ ದಾರಿಯಾದ್ದರಿಂದ ಆಚೆ ದಿಕ್ಕನ್ನೂ ಕಾಯಬೇಕು. ಐವತ್ತು ದಾಟಿದ ಮನುಷ್ಯ, ಏಪ್ರಿಲ್ ತಿಂಗಳ ಮಧ್ಯಾಹ್ನ, ಜಲ್ಲಿಯ ಮೇಲೆ!

ನಮ್ಮ ಉಲೇಮಾಗಳು ಕಠಿಣ ದುಡಿಮೆಯವರ ಬಗ್ಗೆ ತಿಳಿಸಿರುವುದನ್ನು ನಾನು ಅವರಿಗೆ ಹೇಳಿದೆ. ದುಡಿಮೆ ಇದೆಯೆಂಬ ಕಾರಣಕ್ಕೆ ಮೊದಲೇ ರೋಝಾ ಬಿಡುವಂತಿಲ್ಲ. ಸಾಧ್ಯವಾದರೆ ಆ ತಿಂಗಳಿಗೆ ಪಾಳಿ ಬದಲಾಯಿಸಿಕೊಳ್ಳಲು, ರಜೆ ಪಡೆಯಲು ಯತ್ನಿಸಬೇಕು. ಆಗದಿದ್ದರೆ ಸಹರಿ ಮಾಡಿ, ನಿಯ್ಯತ್ ಮಾಡಿ ಹೊರಡಬೇಕು. ನಡುವೆ ತಡೆಯಲಾರದ ಸ್ಥಿತಿ ಬಂದು ತನ್ನ ಜೀವಕ್ಕೋ, ತನ್ನನ್ನು ನಂಬಿದವರ ಜೀವಕ್ಕೋ ಅಪಾಯವೆನಿಸಿದರೆ ನೀರು ಕುಡಿಯಬೇಕು, ಆ ರೋಝಾವನ್ನು ಮುಂದೆ ಕಝಾ ಮಾಡಿ ತೀರಿಸಬೇಕು. ತಮ್ಮ ಕೈಯಾರೆ ತಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಕುರ್‌ಆನ್ ಎಚ್ಚರಿಸುತ್ತದೆ. ಉಪವಾಸದ ಆಜ್ಞೆ ಬಂದಿರುವಲ್ಲಿಯೇ ಅಲ್ಲಾಹನು ದಾಸರಿಗೆ ಬಯಸುವುದು ಸರಾಗವನ್ನು, ಕಷ್ಟವನ್ನಲ್ಲ ಎಂಬ ಸಾಂತ್ವನವೂ ಬಂದಿದೆ. ಮುಳುಗುತ್ತಿರುವವನನ್ನು ಉಳಿಸಲು, ಬಾವಿಗೆ ಬೀಳಲಿರುವ ಕುರುಡನನ್ನು ತಡೆಯಲು ನಮಾಝನ್ನು ನಡುವೆಯೇ ಬಿಡಬೇಕೆಂದು ಫಿಕ್ಹ್‌ನ ಗ್ರಂಥಗಳು ಕಲಿಸುತ್ತವೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ತಿಳಿಸಿದ ದೀನ್ ನಮ್ಮದು.

ಚಾಚಾ ಕೇಳಿಸಿಕೊಂಡು, "ಹಾಗಾದರೆ ನೀರಿನ ಬಾಟಲಿ ಜೊತೆಗಿಟ್ಟುಕೊಳ್ತೀನಿ. ಬಾಯಿಗೆ ಹಾಕೋ ಹಾಗೆ ಆಗದಿರಲಿ ಅಂತ ದುಆ ಮಾಡಿ" ಎಂದು ಎದ್ದರು. ಆ ತಿಂಗಳಲ್ಲಿ ಎರಡು ದಿನ ಆ ಬಾಟಲಿ ತೆರೆಯಬೇಕಾಯಿತಂತೆ. ಈದ್ ಕಳೆದ ಮೇಲೆ ಅವರೇ ಹೇಳಿದರು. ಎರಡನ್ನೂ ಮಳೆಗಾಲದಲ್ಲಿ ತೀರಿಸಿದರು.

ಅಂದು ನಾನು ಇನ್ನೊಂದು ಮಾತು ಕೇಳಿದೆ. ಝುಹರ್ ಎಲ್ಲಿ ಮಾಡುತ್ತೀರಿ ಎಂದು. "ಹಳಿ ಬಿಟ್ಟು ಕೆಳಗಿಳಿದು, ಜಲ್ಲಿ ಮುಗಿದಲ್ಲಿ ಟವೆಲು ಹಾಸ್ತೀನಿ. ಮೇಟ್ ಅನ್ನೋರು ನಾಯಕರ ಪೈಕಿ. ನಾನು ಸಜ್ದಾಕ್ಕೆ ಹೋದಾಗ ಅವರು ಎರಡೂ ಕಡೆ ನೋಡ್ತಾ ನಿಲ್ತಾರೆ" ಎಂದರು. ಇಡೀ ಭೂಮಿಯನ್ನೇ ನಮಗೆ ಮಸೀದಿಯಾಗಿ ಮಾಡಿಕೊಡಲಾಗಿದೆ ಎಂಬ ಪ್ರವಾದಿ ವಚನವನ್ನು ಬುಖಾರಿಯಲ್ಲಿ ಓದಿದವನು ನಾನು. ಅದರಂತೆ ಬಾಳಿದವರು ಅವರು. ಮಸೀದಿಯಲ್ಲಿ ಕಾಣದವನನ್ನು ಅಲ್ಲಾಹನನ್ನೇ ಮರೆತವನೆಂದು ಆಡಿಕೊಂಡವರು ನಾವು. ಬೇರೆ ಧರ್ಮದವರೊಬ್ಬರು ನಿಂತು ಕಾಯುತ್ತಿದ್ದ ಆ ನಮಾಝಿನ ಬಗ್ಗೆ ನಮಗೇನು ಗೊತ್ತಿತ್ತು?

ಕಾಣದ ದುಡಿಮೆಯ ಬೆಲೆ

ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಬಡ ಮಹಿಳೆಯ ಘಟನೆ ಬುಖಾರಿ ಮತ್ತು ಮುಸ್ಲಿಂನಲ್ಲಿದೆ. ಆಕೆ ತೀರಿಕೊಂಡಾಗ ಜನರು ಇದೇನು ದೊಡ್ಡ ವಿಷಯವೆಂದು ಪ್ರವಾದಿವರ್ಯರಿಗೆ(ಸ) ತಿಳಿಸದೆ ದಫನ ಮಾಡಿದರು. ಆಕೆ ಕಾಣದಾದಾಗ ಅವರೇ ವಿಚಾರಿಸಿದರು. ವಿಷಯ ತಿಳಿದು, ನನಗೇಕೆ ಹೇಳಲಿಲ್ಲವೆಂದು ಕೇಳಿ, ಆಕೆಯ ಕಬರ್ ತೋರಿಸಿರೆಂದು ಹೋಗಿ ಅಲ್ಲಿ ಪ್ರಾರ್ಥಿಸಿದರು. ಗುಡಿಸುವವರು ಬರುತ್ತಿದ್ದಾಗ ಯಾರೂ ಗಮನಿಸುವುದಿಲ್ಲ. ಬಾರದ ದಿನ ಕಸ ಕಾಣುತ್ತದೆ. ಹಳಿ ಕಾಯುವವರದೂ ಅದೇ ಸ್ಥಿತಿ. ಅವರ ಕೆಲಸ ಸರಿಯಾಗಿ ನಡೆದ ದಿನ ಏನೂ ಆಗುವುದಿಲ್ಲ. ಏನೂ ಆಗದ್ದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. 2017ರ ಆಗಸ್ಟ್ 19ರಂದು ಉತ್ತರ ಪ್ರದೇಶದ ಖತೌಲಿಯಲ್ಲಿ ಹಳಿಯ ದುರಸ್ತಿ ನಡೆಯುತ್ತಿದ್ದಾಗಲೇ ಉತ್ಕಲ್ ಎಕ್ಸ್‌ಪ್ರೆಸ್ ವೇಗವಾಗಿ ಬಂದು ಹಳಿ ತಪ್ಪಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಗ ದೇಶವೆಲ್ಲ ಹಳಿಯ ಬಗ್ಗೆ ಮಾತಾಡಿತು. ಕೆಲವು ದಿನ ಕಳೆದ ಮೇಲೆ ಮರೆಯಿತು.

ಮೊಳಕಾಲ್ಮೂರಿನ ರೇಷ್ಮೆ ನೇಕಾರನಿಗೆ ಹಾಸಿನಲ್ಲಿ ಒಂದು ಎಳೆ ಕಡಿದರೂ ತಿಳಿಯುತ್ತದೆ. ಮಗ್ಗ ನಿಲ್ಲಿಸಿ ಗಂಟು ಹಾಕಿ ಮುಂದುವರಿಯುತ್ತಾನೆ. ಉಟ್ಟವಳಿಗೆ ಆ ಗಂಟು ಕಾಣುವುದಿಲ್ಲ. ಮಾಡುವ ಕೆಲಸವನ್ನು ಚೊಕ್ಕವಾಗಿ ಮಾಡುವವನನ್ನು ಅಲ್ಲಾಹನು ಮೆಚ್ಚುತ್ತಾನೆಂದು ಹದೀಸ್‌ನಲ್ಲಿ ಬಂದಿದೆ. ಅಲ್ಲಾಹನನ್ನು ನಾವು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆಂಬ ಅರಿವಿನಲ್ಲಿ ಬಾಳುವುದೇ ಇಹ್ಸಾನ್. ಮೇಲಧಿಕಾರಿ ಇಲ್ಲದ ಬಯಲಿನಲ್ಲಿ ಒಂಟಿಯಾಗಿ ನಡೆಯುವ ಕೀಮನ್ ಒಂದು ಸಡಿಲ ಬೋಲ್ಟಿನ ಮುಂದೆ ಬಗ್ಗುತ್ತಾನೋ, ನಾಳೆ ನೋಡೋಣವೆಂದು ದಾಟುತ್ತಾನೋ, ನೋಡುವವರು ಯಾರು? ಇಹ್ಸಾನಿನ ಪರೀಕ್ಷೆ ನಡೆಯುವುದು ಅಂಥ ಜಾಗದಲ್ಲೇ.

ದಾರಿಯಿಂದ ಹಾನಿಕಾರಕ ವಸ್ತುವನ್ನು ಸರಿಸುವುದನ್ನು ಪ್ರವಾದಿವರ್ಯರು(ಸ) ಈಮಾನಿನ ಒಂದು ಶಾಖೆಯೆಂದು ಕಲಿಸಿದರು. ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದ ಒಬ್ಬನನ್ನು ಅಲ್ಲಾಹನು ಅಷ್ಟಕ್ಕೇ ಕ್ಷಮಿಸಿದ ಸಂಗತಿಯನ್ನೂ ತಿಳಿಸಿದರು. ಒಂದು ಕೊಂಬೆಗೆ ಅಷ್ಟು ಪ್ರತಿಫಲವಿದ್ದರೆ, ಸಂಕಲ್ಪ ಶುದ್ಧವಿದ್ದು ಮೂವತ್ತು ವರ್ಷ ಸಾವಿರಾರು ಜನರ ದಾರಿ ಕಾದವನಿಗೆ ಏನಿರಬಹುದು? ಹಾಗೆಯೇ, ಸರಿಸಿದವನಿಗೆ ಪುಣ್ಯವಾದರೆ, ದಾರಿಯ ಭದ್ರತೆಯನ್ನು ಕದ್ದು ಮೇಜಿನ ಮೇಲಿಟ್ಟುಕೊಂಡವನಿಗೆ ಏನು? ಈ ಎರಡನೆಯ ಪ್ರಶ್ನೆ ನನ್ನದು.

ನಾವು ಮಾಡಬೇಕಾದ್ದು

ಮರುದಿನ ಬೆಳಿಗ್ಗೆ ನಾನು ಚಾಚಾರ ಜೊತೆ ಹೋಗಿ ಆ ಕ್ಲಿಪ್ಪನ್ನು ಅವರ ಮೇಲಿನವರಿಗೆ ಒಪ್ಪಿಸಿ, ನಡೆದದ್ದನ್ನು ಹೇಳಿದೆ. ಹುಡುಗನ ಹೆಸರು ಹೇಳಲಿಲ್ಲ, ತಪ್ಪು ನನ್ನದೇ ಆಗಿತ್ತು. ಅಂದಿನ ಪಾಠ ತರಗತಿಯಲ್ಲಿ ಅದೇ ಆಯಿತು. ಮೊದಲು ನನ್ನ ತಪ್ಪು ಒಪ್ಪಿಕೊಂಡು, ಆಮೇಲೆ ಅಮಾನತ್ತಿನ ಅರ್ಥ ಹೇಳಿದೆ. ಒಂದು ವಾರದೊಳಗೆ ಮಕ್ಕಳು ತಮ್ಮ ತಮ್ಮ ಮನೆಗಳಿಂದ ಇನ್ನೂ ಮೂರು ತಂದರು. ಒಂದು ಬಾಗಿಲಿಗೆ ಆನಿಕೆಯಾಗಿತ್ತು, ಒಂದು ಮೇಕೆ ಕಟ್ಟುವ ಗೂಟವಾಗಿತ್ತು, ಒಂದು ಗುಜರಿಯವನಿಗಾಗಿ ಕಾಯುತ್ತಿತ್ತು.

ಪ್ರಿಯರೇ, ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ರೈಲ್ವೆಯದ್ದೇ ಆಗಬೇಕೆಂದಿಲ್ಲ. ಪಂಚಾಯಿತಿಯ ಪೈಪು, ಶಾಲೆಯ ಬೆಂಚು, ಮಸೀದಿಯ ಚಾಪೆ, ಯಾವುದಾದರೂ ಸರಿ. ಎಲ್ಲರ ಸೊತ್ತೆಂದರೆ ಯಾರದೂ ಅಲ್ಲವೆಂದು ನಾವು ತಿಳಿದಿದ್ದೇವೆ. ಅದು ಎಲ್ಲರದೂ ಆದ್ದರಿಂದ ನಾಳೆ ಮಹ್‌ಶರದಲ್ಲಿ ಎಲ್ಲರೂ ಅದರ ಹಕ್ಕು ಕೇಳುವವರಾಗುತ್ತಾರೆ. ಅಷ್ಟು ಜನರಿಂದ ಕ್ಷಮೆ ಬೇಡಲು ಯಾರಿಗೆ ಸಾಧ್ಯ?

ಮಕ್ಕಳು ಹಳಿಯ ಮೇಲೆ ಕಲ್ಲಿಟ್ಟು ಆಟವಾಡಿದರೆ ನಕ್ಕು ಸುಮ್ಮನಾಗಬೇಡಿ. ಹಳಿ ದಾಟುವಾಗ ಎರಡೂ ಕಡೆ ನೋಡಿ. ವಿದ್ಯುತ್ ಇಂಜಿನ್ನಿನ ರೈಲು ಹತ್ತಿರ ಬರುವವರೆಗೆ ಸದ್ದೇ ಗೊತ್ತಾಗುವುದಿಲ್ಲ. ನಿಮ್ಮ ಹೊಲದ ಪಕ್ಕ ಗ್ಯಾಂಗಿನವರು ಕೆಲಸ ಮಾಡುತ್ತಿದ್ದರೆ ಒಂದು ಕೊಡ ನೀರು ಕೊಡಿ. ಶ್ರೇಷ್ಠ ದಾನ ಯಾವುದೆಂದು ಕೇಳಿದಾಗ ಪ್ರವಾದಿವರ್ಯರು(ಸ) ನೀರೆಂದು ಉತ್ತರಿಸಿದ್ದರು. ಕುಡಿಯುವವನ ಜಾತಿ ಧರ್ಮವನ್ನು ಅವರು ಅದಕ್ಕೆ ಷರತ್ತು ಮಾಡಲಿಲ್ಲ. ದುಡಿಯುವವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದೂ ಅವರೇ ಆಜ್ಞಾಪಿಸಿದ್ದು. ಹಣದ ಕೂಲಿಯನ್ನು ಸರ್ಕಾರ ಕೊಡುತ್ತದೆ. ಗೌರವದ ಕೂಲಿಯನ್ನು ಕೊಡಬೇಕಾದವರು ನಾವು, ಅದು ಎಷ್ಟೋ ವರ್ಷದಿಂದ ಬಾಕಿಯಿದೆ.

ಮತ್ತೆ, ಸಫ್ಫಿನಲ್ಲಿ ಕಾಣದವರ ಬಗ್ಗೆ ಮಾತಾಡುವ ಮುಂಚೆ ಅವರು ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದಾರೆಂದು ವಿಚಾರಿಸಿ. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿರಬಹುದು, ಬಸ್ಸಿನ ಸ್ಟಿಯರಿಂಗ್ ಹಿಡಿದಿರಬಹುದು, ತಳಕಿನ ಆಚೆ ಬಯಲಿನಲ್ಲಿ ಟವೆಲು ಹಾಸಿರಬಹುದು.

ನನ್ನ ಮೇಜಿನ ಮೇಲೆ ಈಗ ಒಂದು ಕಲ್ಲಿದೆ, ನಮ್ಮದೇ ಅಂಗಳದ್ದು. ಗಾಳಿಗೆ ಹಾಳೆ ಹಾರದಿರಲು ಅಷ್ಟು ಸಾಕು.

ಕಾಣುವುದನ್ನೂ ಕಾಣದ್ದನ್ನೂ ಬಲ್ಲ ಅಲ್ಲಾಹನೇ, ನಮ್ಮ ದಾರಿಗಳನ್ನು ಕಾಯುವವರನ್ನು ನೀನು ಕಾಪಾಡು. ಸಂಜೆ ಅವರನ್ನು ಅವರ ಮಕ್ಕಳ ಬಳಿಗೆ ಕ್ಷೇಮವಾಗಿ ತಲುಪಿಸು. ನಮ್ಮ ಕೈಯಲ್ಲಿರುವ ಅಮಾನತ್ತುಗಳನ್ನು ಗುರುತಿಸುವ ಕಣ್ಣನ್ನೂ, ಹಿಂದಿರುಗಿಸುವ ಧೈರ್ಯವನ್ನೂ ನಮಗೆ ಕರುಣಿಸು. ಆಮೀನ್.